ಗೇಣಿಗೊಂದು

ಹೊರಮಾವಿನ ಒಳರಸ್ತೆ, ಬೆಳಿಗ್ಗೆ ಹನ್ನೊಂದು.
ಕಟ್ಟಡದ ಹೆಸರು ವಜ್ರ ನಿವಾಸ.
ನೆಲ ಪ್ಲಸ್ ಮೂರು ಎನ್ನುತ್ತದೆ ಮಂಜೂರಾದ ನಕ್ಷೆ;
ಕತ್ತೆತ್ತಿ ಎಣಿಸಿದರೆ ಐದು,
ಅದರ ಮೇಲೆ ತಗಡಿನ ಚಪ್ಪರ, ನೀರಿನ ಟ್ಯಾಂಕು,
ಟ್ಯಾಂಕಿನ ಮೇಲೊಂದು ಕಾಗೆ.
ಕಾಗೆಯನ್ನು ಭಾರಕ್ಕೆ ಹಿಡಿಯಲಿಲ್ಲ.

ಇನ್ನೂ ಆಗದ ಕಂಪನಕ್ಕೆ
ಈಗಲೇ ನಷ್ಟ ಬರೆಯುವ ಕೆಲಸ ನನ್ನದು.
ಜಾತಕ ಬರೆಯುವವರಿಗಾದರೂ ಹುಟ್ಟಿದ ಗಳಿಗೆ ಸಿಗುತ್ತದೆ.
ಇಲ್ಲಿ ಮಾಲೀಕರಿಗೆ ಕಾಂಕ್ರೀಟು ಸುರಿದ ವರ್ಷವೇ ನೆನಪಿಲ್ಲ:
"ಎರಡನೇ ಮಗಳ ನಾಮಕರಣದ ಹೊತ್ತಿಗೆ
ಮೂರನೇ ಮೋಲ್ಡು ಬಿದ್ದಿತ್ತು ನೋಡಿ."
ಆಮೇಲೆ, ಎಲ್ಲರೂ ಹೇಳುವುದನ್ನೇ ಹೇಳಿದರು—
"ಬೆಂಗಳೂರು ಬಂಡೆ ಮೇಲಿದೆ ಮೇಡಂ, ಇಲ್ಲೆಲ್ಲಿ ಭೂಕಂಪ?"

ಹೌದು, ಭೂಪಟದಲ್ಲಿ ನಮ್ಮದು ತಿಳಿ ಬಣ್ಣ.
ಆದರೆ ಹಿತ್ತಿಲ ಗೋಡೆಯ ಬುಡದಲ್ಲಿ
ಈಗಲೂ ಜೊಂಡು ತಲೆ ಎತ್ತುತ್ತದೆ,
ತಾನು ಮುಚ್ಚಿಹೋದ ಸುದ್ದಿ
ಕೆರೆಗಿನ್ನೂ ತಲುಪಿಲ್ಲವೆಂಬಂತೆ.

ಮೇಲೆ ಗೋಡೆಗೆ ಗೋಡೆ ಒತ್ತಿದ ಸಂಸಾರಗಳು.
ಕೆಳಗೆ ಹನ್ನೆರಡು ಬರಿಗಾಲ ಕಂಬ,
ಎಂಟು ಸ್ಕೂಟರು, ಎರಡು ಕಾರು, ಗಾಳಿ.
ಇದಕ್ಕೆ ನಾವು ಮೆತ್ತನೆ ಅಂತಸ್ತು ಅನ್ನುತ್ತೇವೆ—
ಮಗುವಿನ ಕೆನ್ನೆಗೆ ಹೇಳಬೇಕಾದ ಮಾತು.

ಸುತ್ತಿಗೆ ಒತ್ತಿದೆ, ಪುಟಿಯಿತು:
ಇಪ್ಪತ್ತೆಂಟು. ಮೂವತ್ತೊಂದು. ಇಪ್ಪತ್ತೆರಡು.
ಒಳಗಿನ ಕಂಬಿ ಕಾಣುವ ಯಂತ್ರ ಚೀಲದಲ್ಲಿತ್ತು,
ಬ್ಯಾಟರಿ ಸತ್ತಿತ್ತು.
ಮೆಟ್ಟಿಲ ಕೆಳಗಿನ ಕೋಣೆಯಿಂದ ವಾಚ್‌ಮನ್ ಬಂದ,
ಕೈಯಲ್ಲಿ ಅರ್ಧ ಸುಲಿದ ಈರುಳ್ಳಿ.
"ಗೇಣಿಗೊಂದು ರಿಂಗ್ ಅದಾವ್ರಿ."
ನಿನಗೆ ಹೇಗೆ ಗೊತ್ತು?
"ನಾನಾ ಕಟ್ಟೀನಲ್ರಿ."

ಸಾಬಣ್ಣ. ಸುರಪುರದ ಕಡೆಯವನು. ಎಡಚ.
ಈರುಳ್ಳಿಯನ್ನು ಸ್ಕೂಟರಿನ ಸೀಟಿನ ಮೇಲಿಟ್ಟು
ಕಂಬಕ್ಕೆ ಎಡಗೈ ಹರಡಿದ.
ಹೆಬ್ಬೆರಳಿಂದ ಉಂಗುರದ ಬೆರಳವರೆಗೆ, ಅಷ್ಟೇ;
ಕಿರುಬೆರಳು ಕಂಬಿ ಕತ್ತರಿಸುವ ಮೆಷೀನಿಗೆ ಹೋಗಿದೆ,
ಬೇರೆ ಸೈಟಿನಲ್ಲಿ, ಇದಾದ ಮೇಲೆ.
"ಇದಕ್ಕ ಇನ್ನೊಂದು ಬೆರಳು ಕೂಡಿಸ್ಕೋರಿ," ಎಂದ,
"ಆವಾಗ ಐದೂ ಇದ್ವು."
ಕೂಡಿಸಿಕೊಂಡೆ.
ಇಂಥ ತಿದ್ದುಪಡಿ ಯಾವ ಕೋಷ್ಟಕದಲ್ಲೂ ಇಲ್ಲ.

ಬೇಕಿದ್ದದ್ದು ನಾಲ್ಕು ಬೆರಳಿಗೊಂದು.
ತುದಿ ಹೇಗೆ ಮಡಚಿದಿರಿ ಎಂದೆ.
ಎರಡು ಕೈ ಜೋಡಿಸಿ ತೋರಿಸಿದ.
ಒಳಕ್ಕೆ ಕೊಕ್ಕೆ ಹಾಕಿ ಮುಷ್ಟಿ ಹಿಡಿದಿರಬೇಕಿದ್ದ ರಿಂಗುಗಳು
ಇಪ್ಪತ್ತೊಂದು ವರ್ಷದಿಂದ ಕತ್ತಲಲ್ಲಿ
ಕೈಮುಗಿದು ನಿಂತಿವೆ.

"ಆ ಮೂಲ್ಯಾಗಿನ ಕಂಬಕ್ಕ ಮಾತ್ರ
ಒತ್ತೊತ್ತಿ ಕಟ್ಟೀನ್ರಿ. ಅವತ್ತು ಮಳಿ ಬಂದು ಮಿಕ್ಸರ್ ನಿಂತಿತ್ತು,
ತುಂಡು ಕಂಬಿ ಬಿದ್ದಿದ್ವು,
ಸುಮ್ನ ಕುಂದ್ರಾಕ ಬ್ಯಾಸರ."
ಆ ಮೂಲೆಗೆ ಆತುಕೊಂಡೇ ಅವನ ಕೋಣೆ,
ಬಾಗಿಲಿಂದ ಮಂಚದ ಕಾಲು ಕಾಣುತ್ತಿತ್ತು.
ಒಂದೇ ಕಂಬದಿಂದ ಏನೂ ನಿಲ್ಲದು ಎಂಬುದನ್ನು
ನಾನು ಹೇಳಲಿಲ್ಲ.

ಮಾಲೀಕರು ತುಂಬಿದ್ದ ನಮೂನೆಯಲ್ಲಿ
ನೆಲಮಹಡಿ, ರಾತ್ರಿ ಇರುವವರು: ಸೊನ್ನೆ.
ಹೊಡೆದುಹಾಕಿ ಒಂದು ಎಂದು ಬರೆದೆ.
ಇಣುಕಿ ನೋಡಿದವನು, "ಎರಡ್ರಿ," ಎಂದ.
"ನಮ್ಮಾಕಿ ಆಸ್ಪತ್ರಿ ಕೆಲಸ ಮುಗಿಸಿ
ಹತ್ತೂವರಿಗೆ ಬರ್ತಾಳ."

ಲೆಕ್ಕ ಕೂಡಿಸುವವರೆಗೂ ಕಾದ.
"ಎಷ್ಟು ಬಂತ್ರಿ?"
ಜೋರಾಗಿ ಅಲುಗಿದರೆ ನಷ್ಟ ನೂರಕ್ಕೆ ಅರವತ್ತು.
ಆದರೆ ನನ್ನ ಬಾಯಿಂದ ಬಂದದ್ದು ಬರಿ ಅರವತ್ತು.
"ಫಸ್ಟ್ ಕ್ಲಾಸ್ ಆತಲ್ರಿ ಹಂಗಾದ್ರ!"
ನಕ್ಕು, ಈರುಳ್ಳಿ ಎತ್ತಿಕೊಂಡು ಒಳಗೆ ಹೋದ.

ತಿದ್ದಲು ಬಾಯಿ ತೆರೆದಾಗ ಗೊತ್ತಾಯಿತು,
ಇಷ್ಟು ಹೊತ್ತೂ ನಾನು
ಒಂದು ಕಂಬಕ್ಕೆ ಒರಗಿ ನಿಂತಿದ್ದೆ.
ಮೂಲೆಯದಲ್ಲ.